ಮೂರು ಮಾಳಿಗೆ, ಮೂವತ್ತೊಂದು ಕಿಲೋ

ಜಿಮ್ಮಿಗೆ ಸೇರಲು ಬಂದ ಹೆಂಗಸರನ್ನು ನಾನು ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಎಷ್ಟು ಕಿಲೋ ಇಳಿಸಬೇಕು? ಮಗನ ಮದುವೆಯೊಳಗೆ ಹತ್ತು, ದೀಪಾವಳಿಯೊಳಗೆ ಐದು, ಹೀಗೆ ಉತ್ತರ ಬರುತ್ತಿತ್ತು. ನಾನು ಅದನ್ನು ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಬರೆದು ಅಡಿಗೆರೆ ಎಳೆಯುತ್ತಿದ್ದೆ. ಅವರೊಬ್ಬರು ಮಾತ್ರ ಆ ಪ್ರಶ್ನೆಗೆ, "ಇಳಿಸ್ಲಿಕ್ಕೆ ಅಲ್ಲ ಟೀಚರ್, ಎತ್ಲಿಕ್ಕೆ" ಅಂದರು.

ಕಳೆದ ಶ್ರಾವಣದಲ್ಲಿ ಅವರು ತೀರಿಕೊಂಡರು. ಆಮೇಲೆ ಎಷ್ಟೋ ಸಲ ಬರೆಯಲು ಕುಳಿತು ಎದ್ದಿದ್ದೇನೆ. ಬರೆಯತೊಡಗಿದರೆ ನನ್ನ ಪಾಲಿನ ತಪ್ಪನ್ನೂ ಬರೆಯಬೇಕಾಗುತ್ತದೆ.

ನಾನು ಗದಗಿನ ಕಡೆಯವಳು. ಮದುವೆಯಾಗಿ ಡೊಂಬಿವಲಿಗೆ ಬಂದು, ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ, ಠಾಣೆಯಲ್ಲಿ ಮೂರು ತಿಂಗಳ ತರಬೇತಿ ಮುಗಿಸಿ ಒಂದು ಸರ್ಟಿಫಿಕೇಟು ತಂದಿದ್ದೆ. ಎರಡು ಸಾವಿರದ ಆರೋ ಏಳೋ ಇಸವಿ. ಸ್ಟೇಷನ್ನಿನ ಪೂರ್ವಕ್ಕೆ, ಹಿಟ್ಟಿನ ಗಿರಣಿಯ ಪಕ್ಕದಲ್ಲಿದ್ದ ಗಂಡಸರ ಜಿಮ್ಮು ಮಧ್ಯಾಹ್ನ ಒಂದರಿಂದ ಮೂರರವರೆಗೆ ಖಾಲಿ ಬಿದ್ದಿರುತ್ತಿತ್ತು. ಆ ಎರಡು ತಾಸು ನನ್ನ ಲೇಡೀಸ್ ಬ್ಯಾಚು. ಗುರಿ ಅಳೆಯುವಂತಿರಬೇಕು, ಅದಕ್ಕೊಂದು ತಾರೀಖು ಇರಬೇಕು, ತಿಂಗಳಿಗೊಮ್ಮೆ ಅಳೆದು ಬರೆದಿಡಬೇಕು. ತರಬೇತಿಯಲ್ಲಿ ಹೇಳಿಕೊಟ್ಟ ಈ ಪಾಠವನ್ನು ನಾನು ದೇವರ ಮಾತಿನಂತೆ ನಂಬಿದ್ದೆ.

ಅವರು ಕುಳ್ಳಗೆ, ಒಣಕಲು ಮೈಯವರು. ವಯಸ್ಸು ನಲವತ್ತರ ಆಚೀಚೆ. ಕೈಯಲ್ಲಿ ಛತ್ರಿ, ಹೆಗಲಲ್ಲಿ ಬಟ್ಟೆಯ ಚೀಲ. ಮಾತಿನಲ್ಲೇ ಉಡುಪಿಯ ಕಡೆಯವರೆಂದು ಗೊತ್ತಾಯಿತು.

"ಏನ್ ಎತ್ತಬೇಕ್ರಿ ಅಕ್ಕಾ?" ಎಂದೆ.

"ಮಗಳನ್ನು. ಮೂವತ್ತೊಂದು ಕಿಲೋ ಉಂಟು. ಗ್ಯಾಸ್ ಸಿಲಿಂಡರಿಗಿಂತ ಸ್ವಲ್ಪ ಜಾಸ್ತಿ. ಸಿಲಿಂಡರ್ ನಾನೇ ಮೂರು ಮಾಳಿಗೆ ಹತ್ತಿಸ್ತೇನೆ, ಮಧ್ಯೆ ಮಧ್ಯೆ ಇಟ್ಟು. ಮಗಳನ್ನು ಹಾಗೆ ಮೆಟ್ಟಿಲಲ್ಲಿ ಇಡ್ಲಿಕ್ಕೆ ಆಗುವುದಿಲ್ಲ ಅಲ್ವಾ."

ಮಗಳಿಗೆ ಆಗ ಹನ್ನೆರಡು. ಹುಟ್ಟುವಾಗ ಉಸಿರು ತಡವಾಗಿ ಬಂದಿತ್ತಂತೆ. ಕಾಲುಗಳಿಗೆ ನಡೆಯುವ ಶಕ್ತಿ ಬರಲೇ ಇಲ್ಲ. ಎರಡೂ ಕಾಲು ಕತ್ತರಿಯಂತೆ ಒಂದರ ಮೇಲೊಂದು ಬಿಗಿದುಕೊಳ್ಳುತ್ತಿದ್ದವು. ಎಡಗೈಯೂ ಅಷ್ಟಕ್ಕಷ್ಟೆ. ಬುದ್ಧಿ ಮಾತ್ರ ಬಲು ಚುರುಕು. ಬಲಗೈಯಲ್ಲಿ ನಿಧಾನವಾಗಿ, ಮುತ್ತು ಪೋಣಿಸಿದಂತೆ ಬರೆಯುತ್ತಿದ್ದಳು. ಗಣಿತದಲ್ಲಿ ತರಗತಿಗೇ ಮುಂದೆ. ಶಾಲೆಯವರು ಅವಳಿಗಾಗಿ ಆ ತರಗತಿಯನ್ನು ಕೆಳಗಿನ ಕೋಣೆಯಲ್ಲೇ ನಡೆಸುತ್ತಿದ್ದರು. ಗಾಲಿಕುರ್ಚಿಯೂ ಅಲ್ಲೇ ಇತ್ತು. ಕಷ್ಟವಿದ್ದದ್ದು ಮನೆಯಿಂದ ರಸ್ತೆಗೆ ಇಳಿಯುವುದರಲ್ಲಿ.

ಲಿಫ್ಟಿಲ್ಲದ ಹಳೆಯ ಕಟ್ಟಡ. ಕೆಳಗೆಲ್ಲ ಅಂಗಡಿಗಳು, ಇವರ ಮನೆ ಮೂರನೇ ಮಾಳಿಗೆಯಲ್ಲಿ. ಗಂಡ ಠಾಣೆಯ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಬೆಳಿಗ್ಗೆ ಹತ್ತರ ಪಾಳಿಗೆ ಹೊರಡುವಾಗ ಮಗಳನ್ನು ಇಳಿಸಿ, ರಿಕ್ಷಾದಲ್ಲಿ ಕೂರಿಸಿ ಹೋಗುತ್ತಿದ್ದರು. ಸಂಜೆ ಹತ್ತಿಸಲು ಕೆಳಗಿನ ಅಂಗಡಿಯವರು ಯಾರಾದರೂ ಕೈಜೋಡಿಸುತ್ತಿದ್ದರು. ಮನೆ ಮಾರಿ ಲಿಫ್ಟಿರುವ ಕಡೆ ಹೋಗೋಣವೆಂದರೆ, ಕಟ್ಟಡದ ಕಾಗದಪತ್ರ ಸರಿಯಿಲ್ಲದ್ದರಿಂದ ಕೊಳ್ಳುವವರೇ ಇರಲಿಲ್ಲ.

ಆ ವರ್ಷ ಮಗಳು ದೊಡ್ಡವಳಾದಳು. ಅದಾಗಿ ವಾರಕ್ಕೆ, ಬೆಳಿಗ್ಗೆ ತಂದೆ ಎತ್ತಲು ಬಗ್ಗಿದಾಗ ಮಂಚದ ಸರಳು ಹಿಡಿದುಕೊಂಡು ಬಿಡಲೇ ಇಲ್ಲವಂತೆ. "ಪಪ್ಪಾ ನಹೀ. ಮಮ್ಮಿ." ಅಷ್ಟೇ ಮಾತು. ಅಂಗಡಿಯವರಂತೂ ಮುಟ್ಟುವುದೇ ಬೇಡ ಅಂದಳು. ಹದಿನೈದು ದಿನ ಶಾಲೆಗೆ ಹೋಗಲಿಲ್ಲ. ತಾಯಿಯೂ ತಂದೆಯೂ ಬೈದರು, ಅತ್ತರು, ಶಾಲೆ ಬಿಡಿಸುವುದಾಗಿ ಹೆದರಿಸಿದರು. ಕೊನೆಗೆ ತಾಯಿ ಛತ್ರಿ ಹಿಡಿದು ಜಿಮ್ಮಿಗೆ ಬಂದರು.

"ಅವಳು ಹೇಳುವುದು ಸರಿ ಅಲ್ವಾ ಟೀಚರ್? ನಿಮ್ಮನ್ನು ದಿವಸಾ ಒಬ್ಬ ಗಂಡಸು ಎತ್ತಿಕೊಂಡು ಹೋದ್ರೆ ನಿಮಗೆ ಹೇಗಾಗ್ತದೆ?"

ನಾನು ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಬರೆದೆ: ಮೂವತ್ತೊಂದು ಕಿಲೋ, ಮೂರು ಮಾಳಿಗೆ. ಅಷ್ಟು ಸ್ಪಷ್ಟವಾದ ಗುರಿಯನ್ನು ಆ ಪುಸ್ತಕದಲ್ಲಿ ಅದಕ್ಕೂ ಮೊದಲು ಬರೆದಿರಲಿಲ್ಲ. ಒಳಗೊಳಗೇ ಖುಷಿಯಾಯಿತು ಎಂದರೆ ಇವತ್ತು ನಾಚಿಕೆಯಾಗುತ್ತದೆ.

ನಾನು ಕೊಟ್ಟ ಕಬ್ಬಿಣದ ರಾಡು ಅವರಿಗೆ ಒಗ್ಗಲಿಲ್ಲ. "ರಾಡ್ ನೆಟ್ಟಗೆ ಇರ್ತದೆ. ಮಗಳು ಹಾಗೆ ಇರ್ತಾಳಾ? ಒಂದು ದಿವಸ ಕಾಲು ಸೆಟೆದುಕೊಳ್ತದೆ, ಒಂದು ದಿವಸ ನಗಾಡಿ ನಗಾಡಿ ಮೈಯೆಲ್ಲ ಸಡಿಲ" ಎಂದು, ಗಂಡನ ಹೋಟೆಲಿನಿಂದ ಅಕ್ಕಿಯ ಗೋಣಿ ತರಿಸಿ ಜೋಡಿಸಿ ಹೊಲಿದರು. ಎದುರಿನ ಕಟ್ಟಡದ ಕೆಲಸದವರಿಂದ ಮರಳು ಕೇಳಿ ತಂದು ತುಂಬಿದರು. ಮೊದಲ ದಿನ ಹದಿನೈದು ಕಿಲೋ. ಆ ಗೋಣಿಯನ್ನು ಎರಡು ಕೈಯಲ್ಲಿ ಅಡ್ಡಲಾಗಿ ಎತ್ತಿ ಎದೆಗೊತ್ತಿಕೊಂಡು ಮರದ ಪೆಟ್ಟಿಗೆ ಹತ್ತುವುದು, ಇಳಿಯುವುದು. ಬೆನ್ನ ಮೇಲೆ ಹೊರುವುದು ಸುಲಭವೆಂದು ನಾನು ಹೇಳಿದ್ದೆ. ಮಗಳ ಕಾಲು ಅಗಲವಾಗುವುದಿಲ್ಲ, ಬೆನ್ನಿಗೆ ಕೂರುವುದಿಲ್ಲ ಎಂದು ಅವರೇ ತಿದ್ದಿದರು.

ಎತ್ತುವ ಮೊದಲು ಎರಡೂ ಅಂಗೈಯನ್ನು ದುಪಟ್ಟಾಕ್ಕೆ ಒರೆಸಿ, ಅದರ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಆಮೇಲೆ ಗೋಣಿಗೆ ಮೆಲ್ಲಗೆ "ಬಲಾ" ಅನ್ನುತ್ತಿದ್ದರು. ಶಕ್ತಿ ಕೊಡು ಎಂದು ದೇವರನ್ನು ಬೇಡುತ್ತಾರೆ ಎಂದೇ ನಾನು ತಿಳಿದಿದ್ದೆ. ತಿಂಗಳುಗಳ ಮೇಲೆ ಕೇಳಿದಾಗ ನಕ್ಕರು. "ಅದು ತುಳು ಟೀಚರ್. ಬಾ ಅಂತ. ಮಗಳಿಗೆ ಹೇಳುವ ಹಾಗೆ."

ಬ್ಯಾಚಿನ ಉಳಿದ ಹೆಂಗಸರಿಗೆ ಅವರೆಂದರೆ ಅಚ್ಚರಿ, ಒಂದಿಷ್ಟು ತಮಾಷೆ. ಅವರೂ ಬಿಡುತ್ತಿರಲಿಲ್ಲ. ಶನಿವಾರ ಡಬ್ಬಿ ತುಂಬ ಗೋಳಿಬಜೆ ಕರಿದು ತಂದು, "ತಿಂದು ಕಡಿಮೆ ಮಾಡಿ, ನಿಮಗೆಲ್ಲ ಕಡಿಮೆ ಮಾಡ್ಲಿಕ್ಕಾದ್ರೂ ಏನಾದ್ರೂ ಬೇಕಲ್ಲ" ಎಂದು ಹಂಚುತ್ತಿದ್ದರು. ತಾವು ಮಾತ್ರ ನಾನು ಹೇಳಿದಂತೆ ಬೇಯಿಸಿದ ಕಡಲೆ ತಿನ್ನುತ್ತಿದ್ದರು. ಒಮ್ಮೆ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಮೀನಿನವಳ ತುಂಬಿದ ಬುಟ್ಟಿಯನ್ನು ಒಬ್ಬರೇ ಎತ್ತಿ ಪ್ಲಾಟ್‌ಫಾರ್ಮಿಗೆ ಇಳಿಸಿದರಂತೆ. ಮರುದಿನ ಅದನ್ನು ಹೇಳುವಾಗ ಅವರ ಮುಖ ಎಳೆಯ ಹುಡುಗಿಯ ಮುಖದಂತಾಗಿತ್ತು.

ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿದ್ದೆ. ಒಂದರಲ್ಲಿ ಅವರು ಎತ್ತಿ ಮೂರು ಮಾಳಿಗೆಯಷ್ಟು ಮೆಟ್ಟಿಲು ಹತ್ತಬಲ್ಲ ಗೋಣಿಯ ತೂಕ, ಇನ್ನೊಂದರಲ್ಲಿ ಮಗಳ ತೂಕ. ಗೋಣಿ ಯಾವಾಗಲೂ ಮಗಳಿಗಿಂತ ಐದು ಕಿಲೋ ಮೇಲಿರಬೇಕು, ಆಗಲೇ ಮೆಟ್ಟಿಲಲ್ಲಿ ಕೈ ಸೋಲುವುದಿಲ್ಲ. ಅದು ನನ್ನ ನಿಯಮ. ತಿಂಗಳ ಕೊನೆಯ ಭಾನುವಾರ ಮಗಳನ್ನು ಜಿಮ್ಮಿಗೇ ಕರೆತಂದು, ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ತಮ್ಮ ನಲವತ್ತೇಳು ಕಿಲೋವನ್ನು ಕಳೆಯುತ್ತಿದ್ದರು. ಕಳೆಯುವ ಲೆಕ್ಕ ಮಗಳದೇ. ಅವಳು ಒಂದು ಗ್ರಾಫ್ ಹಾಳೆ ತಂದು ಎರಡು ಗೆರೆ ಎಳೆಯತೊಡಗಿದಳು. "ಮಮ್ಮಿ ಕಾ ರೆಡ್, ಮೇರಾ ಬ್ಲೂ" ಎಂದು ನನಗೆ ತೋರಿಸಿದಳು. ನಾನು ಅದನ್ನು ಗೋಡೆಗೆ ಅಂಟಿಸಿದೆ. ಬಂದವರಿಗೆಲ್ಲ ತೋರಿಸಿ ಹೆಮ್ಮೆಪಡುತ್ತಿದ್ದೆ.

ಆರೇಳು ತಿಂಗಳು ಎರಡನೇ ಮಾಳಿಗೆಯ ಮರಾಠಿ ಅಜ್ಜಿಯೊಬ್ಬರು ಮಗಳ ಕಾಲು ಹಿಡಿದು, ತಾಯಿ ತೋಳು ಹಿಡಿದು, ಇಬ್ಬರೂ ಸೇರಿ ಇಳಿಸುತ್ತಿದ್ದರು. ಜನವರಿಯಲ್ಲಿ ಕೆಂಪು ಗೆರೆ ನೀಲಿಯನ್ನು ದಾಟಿ ಮೇಲೆ ಹೋಯಿತು. ಗೋಣಿ ಮೂವತ್ತೆಂಟು, ಮಗಳು ಮೂವತ್ತಮೂರು. ಆ ಸೋಮವಾರ ನಾನು ಕೆಳಗೆ ರಸ್ತೆಯಲ್ಲಿ ನಿಂತು ನೋಡಿದೆ. ಮಗಳು ತಾಯಿಯ ಕುತ್ತಿಗೆಗೆ ಬಲಗೈ ಹಾಕಿ, ಯೂನಿಫಾರ್ಮಿನ ಲಂಗವನ್ನು ಮೊಣಕಾಲಿನ ಕೆಳಗೆ ಎಳೆದುಕೊಂಡು, ರಾಣಿಯಂತೆ ಇಳಿದು ಬಂದಳು. ರಿಕ್ಷಾದಲ್ಲಿ ಕೂರಿಸಿದ ಮೇಲೆ ತಾಯಿ ನನ್ನ ಕಡೆ ತಿರುಗಿ, "ಟೀಚರ್, ಕೈ ನಡುಗಲೇ ಇಲ್ಲ" ಅಂದರು. ಅಜ್ಜಿ ಗ್ಯಾಲರಿಯಿಂದ ಬಗ್ಗಿ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಹೀಗೆ ಎರಡು ವರ್ಷ ನಡೆಯಿತು. ಮಗಳು ಬೆಳೆಯುತ್ತಿದ್ದಳು. ಮೂವತ್ತೈದು, ಮೂವತ್ತೇಳು, ಮೂವತ್ತೊಂಬತ್ತು. ಗೋಣಿ ಮಾತ್ರ ನಲವತ್ತೊಂದಕ್ಕೆ ಬಂದು ನಿಂತುಬಿಟ್ಟಿತು. ನಲವತ್ತೇಳು ಕಿಲೋದ ಹೆಂಗಸು, ಅದೂ ನಲವತ್ತಮೂರರ ವಯಸ್ಸಿನಲ್ಲಿ. ನನಗೆ ಗೊತ್ತಿದ್ದ ಎಲ್ಲವನ್ನೂ ಮಾಡಿಸಿದೆ. ಕಡಲೆ ಹೆಚ್ಚಿಸಿದೆ, ವ್ಯಾಯಾಮದ ಸುತ್ತು ಬದಲಿಸಿದೆ. ಕೊನೆಗೆ, "ಅಕ್ಕಾ, ಹತ್ತು ದಿವಸ ಪೂರ್ತಿ ವಿಶ್ರಾಂತಿ ತಗೋಬೇಕ್ರಿ. ಮೈ ದಣದೈತಿ. ಆಮ್ಯಾಲೆ ಏರತೈತಿ" ಅಂದೆ.

ಅವರು ನನ್ನ ಮುಖ ನೋಡಿದರು. "ಹತ್ತು ದಿವಸ ಮಗಳನ್ನು ಎಲ್ಲಿ ಇಡುವುದು ಟೀಚರ್?"

ದಿನಕ್ಕೆರಡು ಸಲ ಮೂವತ್ತೊಂಬತ್ತು ಕಿಲೋ ಹೊರುವ ಮೈಗೆ ಬಲ ಕೂಡುವುದು ಎಲ್ಲಿಂದ? ತರಬೇತಿಯ ಪುಸ್ತಕದಲ್ಲಿ ಎತ್ತುವುದಕ್ಕೆ ಎಷ್ಟು ಮಹತ್ವವೋ ಬಿಡುವಿಗೂ ಅಷ್ಟೇ ಮಹತ್ವ ಎಂದಿತ್ತು. ಬಿಡುವಿಲ್ಲದವರು ಏನು ಮಾಡಬೇಕೆಂದು ಬರೆದಿರಲಿಲ್ಲ.

ಅಷ್ಟರಲ್ಲಿ ಒಂದು ಸಂತೋಷದ ಸಂಗತಿ ನಡೆಯಿತು. ನಾವು ಹಾಗೆಂದೇ ತಿಳಿದೆವು. ನೀಲಿ ಗೆರೆಯೂ ನಿಂತಿತು. ಒಂದು ತಿಂಗಳು ಮೂವತ್ತೊಂಬತ್ತು, ಮರುತಿಂಗಳೂ ಅಷ್ಟೇ, ಅದರ ಮರುತಿಂಗಳು ಮೂವತ್ತೆಂಟು.

"ದೇವರು ನಮ್ಮ ಕಡೆ ಅದಾನ್ರಿ ಅಕ್ಕಾ" ಎಂದೆ. ಮಗಳ ಕೆನ್ನೆ ತಟ್ಟಿ, "ಶಾಣ್ಯಾ ನನ್ನ ಕೂಸು" ಎಂದೂ ಹೇಳಿದೆ. ಅವಳು ಹಾಳೆಯ ಮೇಲೆ ಚುಕ್ಕೆ ಇಟ್ಟು, ಸ್ಕೇಲು ಹಿಡಿದು ಗೆರೆ ಎಳೆದು, ನನ್ನನ್ನು ನೋಡಿ ನಕ್ಕಳು. ಹದಿನಾಲ್ಕರ ಹುಡುಗಿ ಬೆಳೆಯುವ ವಯಸ್ಸಿನಲ್ಲಿ ಒಂದು ಕಿಲೋ ಇಳಿದಳೆಂದು ನಾನು ಗೋಡೆಯ ಮುಂದೆ ನಿಂತು ಖುಷಿಪಟ್ಟೆ.

ಇನ್ನೂ ಒಂದು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಅವರು ಬಂದವರು ಚೀಲ ಕೆಳಗಿಡಲಿಲ್ಲ. ಬೆಂಚಿನ ತುದಿಯಲ್ಲಿ ಕುಳಿತರು. ಶಾಲೆಯ ಆಯಾ ಆ ದಿನ ಅವರನ್ನು ಗೇಟಿನ ಹತ್ತಿರ ನಿಲ್ಲಿಸಿ ಹೇಳಿದ್ದಳು: ಮಗಳು ಅರ್ಧ ವರ್ಷದಿಂದ ಡಬ್ಬಿ ಬಿಚ್ಚುತ್ತಲೇ ಇಲ್ಲ, ಪಕ್ಕದಲ್ಲಿ ಕೂರುವವಳಿಗೆ ಕೊಟ್ಟುಬಿಡುತ್ತಾಳೆ. ನೀರೂ ಕುಡಿಯುವುದಿಲ್ಲ. ಮೊನ್ನೆ ಪ್ರಾರ್ಥನೆಯ ಹೊತ್ತಿಗೆ ಕಣ್ಣು ಕತ್ತಲೆ ಬಂದು ಗಾಲಿಕುರ್ಚಿಯಲ್ಲೇ ವಾಲಿದ್ದಳು.

"ಮನೆಯಲ್ಲೂ ರಾತ್ರಿ ಒಂದೇ ಚಪಾತಿ. ಹೊಟ್ಟೆ ತುಂಬಿತು ಅಂತಾಳೆ. ಶಾಲೆಯಲ್ಲಿ ಹೊಟ್ಟೆ ತುಂಬ ತಿಂದು ಬರ್ತಾಳೆ ಅಂತ ನಾನು ತಿಳ್ಕೊಂಡೆ" ಎಂದರು ಅವರು. ಅಳಲಿಲ್ಲ. ಗೋಡೆಯ ಮೇಲಿನ ಹಾಳೆಯನ್ನು ನೋಡುತ್ತ ಕುಳಿತಿದ್ದರು. ನಾನೂ ನೋಡಿದೆ.

ಆ ಭಾನುವಾರ ನಾನೇ ಅವರ ಮನೆಗೆ ಹೋದೆ. ಮಗಳು ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೊರಗಿ ಕುಳಿತಿದ್ದಳು. ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಯಾಕೆ ಹೀಗೆ ಮಾಡಿದಿ ಎಂದು ಕೇಳಿದೆ.

ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಯಾವಾಗಲೂ ಹಿಂದಿಯಲ್ಲಿ. "ಆಪ್‌ನೇ ಹೀ ತೋ ಬೋಲಾ ಥಾ ಟೀಚರ್. ಪಾಂಚ್ ಕಿಲೋ ಕಾ ಗ್ಯಾಪ್ ಚಾಹಿಯೇ. ಮಮ್ಮಿ ಕಾ ಲೈನ್ ಊಪರ್ ನಹೀ ಜಾ ರಹಾ ಥಾ."

ಸಿಟ್ಟಿಲ್ಲ, ದೂರಿಲ್ಲ. ಐದು ಕಿಲೋ ಅಂತರ ಬೇಕೆಂದು ನಾನು ಹೇಳಿದ್ದೆ. ಅಮ್ಮನ ಗೆರೆ ಮೇಲೆ ಹೋಗದಿದ್ದಾಗ ಅವಳು ತನ್ನದನ್ನು ಕೆಳಗಿಳಿಸಿದ್ದಳು. ಮನೆಪಾಠ ಒಪ್ಪಿಸುವ ಧ್ವನಿಯಲ್ಲಿ ಅದನ್ನು ಹೇಳಿದಳು. ತಾಯಿಯೇ ಬಂದು ಮಂಚದ ಮೇಲೆ ಕುಳಿತರು.

"ನೀನು ಊಟ ಮಾಡು. ಎತ್ತುವುದು ನನ್ನ ಕೆಲಸ."

"ನಹೀ ಹುವಾ ತೋ?" ಆಗದಿದ್ದರೆ ಎಂದು ಮಗಳು ಕೇಳಿದಳು.

"ಆಗದ ದಿವಸ ಆಗುವುದಿಲ್ಲ" ಎಂದರು ತಾಯಿ. ಎದ್ದು ಹೋಗಿ, ಅನ್ನ ಕಲಸಿ ತಂದು ತಮ್ಮ ಕೈಯಾರೆ ತಿನ್ನಿಸಿದರು. ಅವಳು ಪ್ರತಿ ತುತ್ತಿಗೂ ನನ್ನ ಕಡೆ ನೋಡುತ್ತಿದ್ದಳು, ಪರವಾನಗಿ ಬೇಕೇನೋ ಎಂಬಂತೆ. ತಿನ್ನು, ತಿನ್ನವಾ ಎಂದಷ್ಟೇ ಹೇಳಿದೆ.

ಬಾಗಿಲವರೆಗೆ ಬಂದ ತಾಯಿ ನನಗೆ, "ಇನ್ನು ಬರೆಯುವುದು ಬೇಡ ಟೀಚರ್" ಅಂದರು. ಬೈಗುಳದ ಒಂದು ಮಾತೂ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಜಿಮ್ಮಿಗೆ ಬರುವುದನ್ನೂ ನಿಲ್ಲಿಸಲಿಲ್ಲ. ನಾನು ಹಾಳೆ ಕಿತ್ತು ಬಿಸಾಡಿದೆ. ಗೋಣಿಗೆ ಎಷ್ಟು ಮರಳು ಸುರಿಯುತ್ತಾರೆಂದು ಅವರೂ ತೂಗಲಿಲ್ಲ, ನಾನೂ ಕೇಳಲಿಲ್ಲ.

ಮಗಳು ಊಟ ಮಾಡತೊಡಗಿದಳು. ಆರೋಗ್ಯದ ಬಣ್ಣ ಮೈಗೆ ಬಂತು. ತೂಕವೂ ಬಂತು. ಒಂಬತ್ತನೆಯದು ಮುಗಿಯಿತು, ಹತ್ತನೆಯದು ಬಂತು. ತಾಯಿಯ ಸೊಂಟಕ್ಕೆ ಅಗಲದ ಬೆಲ್ಟು ಬಂತು. ಒಂದೊಂದು ಮಾಳಿಗೆಗೂ ಮೆಟ್ಟಿಲ ಮೇಲೆ ಕುಳಿತು, ಮಗಳನ್ನು ತೊಡೆಯ ಮೇಲಿಟ್ಟುಕೊಂಡು ದಣಿವಾರಿಸಿಕೊಂಡು ಏಳುತ್ತಿದ್ದರು. ಏಳುವುದೇ ಎಲ್ಲಕ್ಕಿಂತ ಕಷ್ಟ.

ಬೋರ್ಡ್ ಪರೀಕ್ಷೆಯ ಕೊನೆಯ ದಿನ ನನಗೆ ಫೋನು ಬಂತು. "ಟೀಚರ್, ಸ್ವಲ್ಪ ಬರ್ತೀರಾ?" ಓಡಿದೆ. ಎರಡನೇ ಮಾಳಿಗೆಗೆ ಐದು ಮೆಟ್ಟಿಲು ಕೆಳಗೆ ಇಬ್ಬರೂ ಕುಳಿತಿದ್ದರು. ಅರ್ಧ ತಾಸಿನಿಂದ ತಾಯಿ ಏಳಲು ನೋಡುತ್ತಿದ್ದರು. ಮಗಳು ಆ ದಿನದ ಪ್ರಶ್ನೆಪತ್ರಿಕೆಯನ್ನು ಬೀಸಣಿಗೆ ಮಾಡಿ ತಾಯಿಗೆ ಗಾಳಿ ಹಾಕುತ್ತಿದ್ದಳು. ಅಜ್ಜಿಯ ಮಂಡಿ ಅಷ್ಟು ಹೊತ್ತಿಗೆ ಪೂರ್ತಿ ಹೋಗಿತ್ತು. ಆದರೂ ಬಂದು ಕೈಜೋಡಿಸಿದರು. ಮೂವರೂ ಸೇರಿ ಮೇಲೆ ಮುಟ್ಟಿಸಿದೆವು. ಮಂಚದ ಮೇಲೆ ಇಳಿಸಿ, ಬೆಲ್ಟು ಬಿಚ್ಚುತ್ತ ತಾಯಿ ಹೇಳಿದ್ದು ಇಷ್ಟೇ: "ನಾಳೆ ಶಾಲೆ ಇಲ್ಲ ಅಲ್ವಾ."

ಮಗಳಿಗೆ ಒಳ್ಳೆಯ ಅಂಕ ಬಂತು. ಕಲ್ಯಾಣದ ಕಾಲೇಜಿಗೆ ವಿಚಾರಿಸಲು ನಾನೂ ಹೋಗಿದ್ದೆ. ಕಾಮರ್ಸಿನ ತರಗತಿಗಳೆಲ್ಲ ಮೇಲಿನ ಮಹಡಿಯಲ್ಲಿ. ಗುಮಾಸ್ತರು ಪಾಪ ಒಳ್ಳೆಯವರು, ಮತ್ತೆ ಮತ್ತೆ ಬೇಸರ ತೋಡಿಕೊಂಡರು. ಮರಳಿ ಬರುವಾಗ ರೈಲಿನಲ್ಲಿ ತಾಯಿ ಕಿಟಕಿಯ ಹೊರಗೆ ನೋಡುತ್ತ, "ಕಾಲೇಜಿಗೆ ಸೇರಿಸಿದ್ರೂ ನನ್ನ ಕೈಲಿ ಆಗ್ತಿರ್ಲಿಲ್ಲ ಟೀಚರ್" ಅಂದರು. ಮಗಳು ಮನೆಯಲ್ಲೇ ಕುಳಿತು ಪರೀಕ್ಷೆ ಕಟ್ಟಿ ಡಿಗ್ರಿ ಮಾಡಿದಳು. ಕಂಪ್ಯೂಟರಿನಲ್ಲಿ ಟೈಪಿಂಗಿನ ಕೆಲಸ ಹಿಡಿದಳು. ಆಸ್ಪತ್ರೆಗೆಂದು ವರ್ಷಕ್ಕೆ ಒಂದೆರಡು ಸಲ ನಾಲ್ಕು ಜನ ಗಂಡಸರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಳಿಸುತ್ತಿದ್ದರು. ಇಳಿಯುವಷ್ಟು ಹೊತ್ತೂ ಅವಳು ಕಣ್ಣು ಮುಚ್ಚಿಕೊಂಡಿರುತ್ತಿದ್ದಳು.

ಜಿಮ್ಮಿನ ಜಾಗಕ್ಕೆ ಮುಂದೆ ಮೊಬೈಲ್ ಅಂಗಡಿ ಬಂತು. ತಾಯಿ ಮನೆಯಲ್ಲೇ ಗೋಣಿ ಎತ್ತುತ್ತಿದ್ದರು. ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಕಿಟಕಿಗೆ ಎತ್ತುವಷ್ಟಾದರೂ ಕೈಯಲ್ಲಿ ಉಳಿಯಬೇಕಲ್ಲ ಎನ್ನುತ್ತಿದ್ದರು. ನಾನು ಹಬ್ಬಹುಣ್ಣಿಮೆಗೆ ಹೋಗಿ ಬರುತ್ತಿದ್ದೆ.

ಕಳೆದ ಶ್ರಾವಣದ ಆ ದಿನ ಬೆಳಿಗ್ಗೆ ಹಾಲು ಕಾಯಿಸುತ್ತಿದ್ದವರು ಅಡುಗೆಮನೆಯಲ್ಲೇ ಕುಸಿದರು. ಗಂಡ ಹಣ್ಣು ತರಲು ಇಳಿದಿದ್ದರು. ಮಗಳು ಹತ್ತು ಹೆಜ್ಜೆ ಆಚೆ, ಮಂಚದ ಮೇಲೆ. ತಾಯಿ ಎರಡು ಸಲ ಕರೆದದ್ದು ಅವಳಿಗೆ ಕೇಳಿಸಿತಂತೆ. ಹೊರಳಿ ನೆಲಕ್ಕೆ ಬಿದ್ದು, ಒಂದೇ ಕೈಯಲ್ಲಿ ತೆವಳಿ, ಅಡುಗೆಮನೆಯ ಹೊಸ್ತಿಲವರೆಗೆ ಹೋಗಿದ್ದಳು. ಗಂಡ ಬಂದಾಗ ಹಾಲು ಉಕ್ಕಿ ಒಲೆ ಆರಿ ಗ್ಯಾಸಿನ ವಾಸನೆ ಮನೆಯೆಲ್ಲ ತುಂಬಿತ್ತು. ಎದೆಗೆ ಸಂಬಂಧಿಸಿದ್ದು, ಜೀವ ಬೇಗ ಹೋಗಿದೆ ಎಂದರು ಡಾಕ್ಟರು. ಭಾರ ಎತ್ತಿದ್ದರಿಂದ ಆಯಿತೇ ಎಂದು ನಾನು ಕೇಳಿದೆ. ಹಾಗೇನೂ ಇಲ್ಲ ಎಂದರು. ಅವರು ನನ್ನ ಸಮಾಧಾನಕ್ಕೆ ಹೇಳಿದರೋ ಏನೋ.

ಹೆಣ ಇಳಿಸುವ ಹೊತ್ತಾಯಿತು. ಊರಿನವರು, ಹೋಟೆಲಿನವರು ಸೇರಿದ್ದರು. ಮಗಳು, "ಮೈ ನೀಚೇ ತಕ್ ಜಾವೂಂಗೀ" ಎಂದಳು. ಕೆಳಗಿನವರೆಗೆ ತಾನೂ ಬರುತ್ತೇನೆಂದು. ಗಂಡಸರು ಕುರ್ಚಿ ತಂದರು. ಅವಳು ಅಡ್ಡಡ್ಡ ತಲೆಯಾಡಿಸಿ ನನ್ನನ್ನು ನೋಡಿದಳು. ಇಪ್ಪತ್ತೈದರ ಹುಡುಗಿ, ಐವತ್ತು ಕಿಲೋಗೆ ಕಡಿಮೆಯಿಲ್ಲ. ನನಗೆ ಐವತ್ತೆರಡು. ಒಂದು ಮಂಡಿಯ ಆಪರೇಷನ್ ಆಗಿದೆ. ನಾನು ದುಪಟ್ಟಾ ಸೊಂಟಕ್ಕೆ ಕಟ್ಟಿ, ಅವಳ ಬೆನ್ನ ಕೆಳಗೊಂದು ಕೈ, ಮೊಣಕಾಲ ಕೆಳಗೊಂದು ಕೈ ಹಾಕಿ ಎತ್ತಿದೆ. ಬಾಗಿಲು ದಾಟಿದೆ. ಒಂಬತ್ತು ಮೆಟ್ಟಿಲು ಇಳಿದೆ. ತಿರುವಿನಲ್ಲಿ ಅವಳನ್ನು ಗೋಡೆಗೆ ಆನಿಸಿ ನಿಂತೆ.

"ನನ್ನ ಕೈಲಿ ಆಗವಲ್ದು ಕೂಸ" ಎಂದೆ.

"ಯಹೀ ಬಿಠಾ ದೋ" ಎಂದಳು ಅವಳು, ಇಲ್ಲೇ ಕೂರಿಸಿ ಎಂದು.

ತಿರುವಿನ ಗೋಡೆಯಲ್ಲಿ ರಸ್ತೆ ಕಾಣುವಂತೆ ತೂತುತೂತಿನ ಸಿಮೆಂಟಿನ ಜಾಲಿ ಇತ್ತು. ಮೆಟ್ಟಿಲ ಮೇಲೆ ಅವಳನ್ನು ನನಗೊರಗಿಸಿ ಕೂರಿಸಿಕೊಂಡೆ. ನಮ್ಮ ಪಕ್ಕದಿಂದಲೇ ಗಂಡಸರು ಅವರನ್ನು ಇಳಿಸಿಕೊಂಡು ಹೋದರು. ಅವಳು ಕೈ ಚಾಚಿ ಬಿಳಿ ಬಟ್ಟೆಯ ಅಂಚನ್ನು ಮುಟ್ಟಿದಳು. ಆಮೇಲೆ ಜಾಲಿಯಿಂದ ಇಬ್ಬರೂ ನೋಡಿದೆವು. ಗಾಡಿಯ ಹಿಂಬಾಗಿಲು ಮುಚ್ಚಿತು. ಅದು ಅಂಗಡಿಗಳ ಮುಂದೆ ನಿಧಾನವಾಗಿ ತಿರುಗಿ ಕಾಣದಾಯಿತು.

ಒಂಬತ್ತು ಮೆಟ್ಟಿಲು ಮೇಲೆ ಬಾಗಿಲು ತೆರೆದೇ ಇತ್ತು. ಗಂಡಸರೆಲ್ಲ ಮಸಣಕ್ಕೆ ಹೋಗಿದ್ದರು. ಉಳಿದವರು ಮುದುಕಿಯರು, ಅವಳನ್ನು ಎತ್ತುವವರಿರಲಿಲ್ಲ. ಯಾರೋ ನೀರು ತಂದುಕೊಟ್ಟರು. ಅವಳು ಒಂದು ಗುಟುಕು ಕುಡಿದು ಲೋಟ ನನಗೆ ಕೊಟ್ಟಳು. ಗಂಡಸರು ಮರಳಿ ಬಂದಾಗ ಮಧ್ಯಾಹ್ನ ಮೂರು ದಾಟಿತ್ತು. ಅವರು ಕುರ್ಚಿ ತಂದು ಪಕ್ಕದಲ್ಲಿಟ್ಟರು. ಅವಳು ಈ ಸಲ ಬೇಡ ಎನ್ನಲಿಲ್ಲ. ಕಣ್ಣು ಮುಚ್ಚಿಕೊಂಡಳು.